ಹೇರಿನ ಆಯ, ಎತ್ತಿನ ಹೊರೆ: ವರ್ತಕಸಂಘಗಳ ಲೋಕಹಿತ ಮತ್ತು ಶ್ರಾವಕಾಚಾರದ ಒರೆಗಲ್ಲು

ವಾಣಿಜ್ಯಸಂಸ್ಥೆಯೊಂದು ಲಾಭವನ್ನು ಗಳಿಸುತ್ತಲೇ ಲೋಕಹಿತವನ್ನೂ ಸಾಧಿಸಬೇಕೆ, ಅಥವಾ ಲಾಭವೊಂದೇ ಅದರ ಧರ್ಮವೆ? ಕಳೆದ ಅರ್ಧ ಶತಮಾನದಿಂದ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ತೀವ್ರವಾಗಿ ಚರ್ಚಿಸುತ್ತಿದ್ದಾರೆ. ಅಮೆರಿಕದ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ನಿಯಮಗಳಿಗೆ ಒಳಪಟ್ಟು ಲಾಭವನ್ನು ಹೆಚ್ಚಿಸಿಕೊಳ್ಳುವುದೇ ವ್ಯಾಪಾರದ ಸಾಮಾಜಿಕ ಹೊಣೆ ಎಂದು ಪ್ರತಿಪಾದಿಸಿದನು. ಸಂಸ್ಥೆಯನ್ನು ನಡೆಸುವವನು ಪರರ ಹಣವನ್ನು ಪರೋಪಕಾರಕ್ಕೆ ವ್ಯಯಿಸಿದರೆ, ಆಳುವ ಅಧಿಕಾರವಿಲ್ಲದೆಯೇ ತೆರಿಗೆ ವಿಧಿಸಿದಂತಾಗುತ್ತದೆ ಎಂಬುದು ಅವನ ವಾದದ ತಿರುಳು. ಪ್ರತಿವಾದಿಗಳು ಇದಕ್ಕೆ ಹಲವು ಬಗೆಯಲ್ಲಿ ಉತ್ತರಿಸಿದ್ದಾರೆ. ಆದರೆ ಈ ಚರ್ಚೆ ಆಧುನಿಕ ಬಂಡವಾಳಶಾಹಿಯೊಡನೆಯೇ ಹುಟ್ಟಿತೆಂದು ಭಾವಿಸುವುದು ಸರಿಯಲ್ಲ. ಸಂಘಟಿತ ವಾಣಿಜ್ಯ, ಅದರ ಲಾಭ, ಆ ಲಾಭದ ಸಾರ್ವಜನಿಕ ವಿನಿಯೋಗ ಈ ಮೂರಕ್ಕೂ ಕನ್ನಡ ನಾಡಿನ ಶಾಸನಗಳಲ್ಲಿ ಹೇರಳವಾದ ಸಾಕ್ಷ್ಯವಿದೆ. ಆ ಲಾಭವನ್ನು ತೂಗಿನೋಡುವ ತಕ್ಕಡಿಯೊಂದನ್ನು ಜೈನ ಶ್ರಾವಕಾಚಾರ ಗ್ರಂಥಗಳು ಒದಗಿಸಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ಓದುವುದು ಈ ಲೇಖನದ ಉದ್ದೇಶ.

ಶ್ರೇಣಿಗಳ ಹಿನ್ನೆಲೆ

ಪ್ರಾಚೀನ ಭಾರತದಲ್ಲಿ ಒಂದೇ ವೃತ್ತಿಯವರು ಕಟ್ಟಿಕೊಂಡ ಸಂಘಕ್ಕೆ ಶ್ರೇಣಿಯೆಂದು ಹೆಸರು. ನಾಸಿಕದ ಗುಹೆಯಲ್ಲಿರುವ, ಕ್ರಿ.ಶ. ಎರಡನೆಯ ಶತಮಾನದ ಆರಂಭಕ್ಕೆ ಸೇರಿದ ಶಾಸನವೊಂದು ಇದರ ಕಾರ್ಯವಿಧಾನವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಕ್ಷತ್ರಪ ನಹಪಾನನ ಅಳಿಯನಾದ ಋಷಭದತ್ತನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ 3000 ಕಾರ್ಷಾಪಣಗಳನ್ನು ಅಕ್ಷಯನೀವಿಯಾಗಿ ಇರಿಸಿದನು. ಒಂದರಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲಿನಂತೆ ಬಡ್ಡಿ. ಮೊದಲನೆಯದರ ವಾರ್ಷಿಕ ಬಡ್ಡಿ 240 ಕಾರ್ಷಾಪಣಗಳಾಗುತ್ತವೆ. ಗುಹೆಯಲ್ಲಿ ವರ್ಷಾವಾಸ ಮಾಡುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ವೆಚ್ಚಕ್ಕೆ ಅದು ಸರಿಹೊಂದುತ್ತದೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನಷ್ಟೇ ಬಳಸಬೇಕು. ಈ ಏರ್ಪಾಟನ್ನು ನಿಗಮಸಭೆಯಲ್ಲಿ ಓದಿ ಹೇಳಿ, ಫಲಕದಲ್ಲಿ ದಾಖಲಿಸಲಾಯಿತೆಂದೂ ಶಾಸನ ತಿಳಿಸುತ್ತದೆ. ಇಲ್ಲಿ ದಾನಿ ರಾಜಬಂಧು, ಆದರೆ ಧರ್ಮದ ನಿರ್ವಹಣೆ ನೇಕಾರರದು. ಅರಸುಮನೆತನ ಅಳಿದರೂ ಶ್ರೇಣಿ ಉಳಿಯುತ್ತದೆಂಬ ನಂಬಿಕೆ ಈ ಏರ್ಪಾಟಿನ ಹಿಂದಿದೆ.

ಮಂದಸೋರ್‌ನ ಶಾಸನದಲ್ಲಿ ಶ್ರೇಣಿಯೇ ದಾನಿಯಾಗಿ ಕಾಣಿಸಿಕೊಳ್ಳುತ್ತದೆ. ಲಾಟ ದೇಶದಿಂದ ದಶಪುರಕ್ಕೆ ಬಂದು ನೆಲಸಿದ ರೇಷ್ಮೆ ನೇಕಾರರು ಕ್ರಿ.ಶ. 437ರ ಸುಮಾರಿನಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದರು. 473ರ ಸುಮಾರಿನಲ್ಲಿ ಅದರ ಜೀರ್ಣೋದ್ಧಾರವನ್ನೂ ಮಾಡಿಸಿದರು. ಆ ಹೊತ್ತಿಗೆ ಅವರಲ್ಲಿ ಕೆಲವರು ಬೇರೆ ಬೇರೆ ವೃತ್ತಿಗಳನ್ನು ಹಿಡಿದಿದ್ದರು. ಆದರೂ ಒಮ್ಮೆ ಕೈಗೊಂಡ ಧರ್ಮಕಾರ್ಯದ ಹೊಣೆಯನ್ನು ಶ್ರೇಣಿ ಬಿಡಲಿಲ್ಲ. ಕವಿ ವತ್ಸಭಟ್ಟಿಯು ರಚಿಸಿದ ಈ ಪ್ರಶಸ್ತಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಕಾವ್ಯವಾಗಿ ಓದುತ್ತಾರೆ. ವಾಣಿಜ್ಯಸಂಘವೊಂದರ ಆತ್ಮಚರಿತ್ರೆಯಾಗಿಯೂ ಅದು ಓದಿಗೆ ಅರ್ಹವಾಗಿದೆ.

ಅಯ್ಯಾವೊಳೆಯ ಐನೂರ್ವರು

ಕನ್ನಡ ನಾಡಿನಲ್ಲಿ ಈ ಪರಂಪರೆ ಅಯ್ಯಾವೊಳೆಯ ಐನೂರ್ವರ ಸಂಘದಲ್ಲಿ ತನ್ನ ಔನ್ನತ್ಯವನ್ನು ಮುಟ್ಟಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಅಯ್ಯಾವೊಳೆ. ಸ್ವದೇಶಿ, ಪರದೇಶಿ, ನಾನಾದೇಸಿ, ಗವರೆ, ಗಾತ್ರಿಗ, ಸೆಟ್ಟಿ, ಮುಮ್ಮುರಿದಂಡ ಮೊದಲಾದ ಹಲವು ವರ್ಗಗಳು ಈ ಸಂಘದ ಸುತ್ತ ನೆರೆದಿದ್ದವು. ತಮ್ಮನ್ನು ವೀರಬಣಂಜು ಧರ್ಮದ ಪಾಲಕರೆಂದು ಅವರು ಕರೆದುಕೊಂಡರು. ನೆಲಮಾರ್ಗದಲ್ಲಿಯೂ ಜಲಮಾರ್ಗದಲ್ಲಿಯೂ ಸಂಚರಿಸಿ ಆನೆ, ಕುದುರೆ, ರತ್ನ, ಕರ್ಪೂರ, ಕಸ್ತೂರಿ, ಗಂಧ, ಏಲಕ್ಕಿ, ಲವಂಗಗಳನ್ನು ಮಾರುತ್ತಿದ್ದುದನ್ನು ಶಿಕಾರಿಪುರ ತಾಲೂಕಿನ ಪ್ರಸಿದ್ಧ ಶಾಸನವೊಂದು ವಿಸ್ತಾರವಾಗಿ ವರ್ಣಿಸುತ್ತದೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ, ಕ್ರಿ.ಶ. 1088ರ ತಮಿಳು ಶಾಸನ ಇದೇ ಐನೂರ್ವರದು. ಅಲ್ಲಿಗೆ ಬರುವ ಹಡಗಿನವರು ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದಲ್ಲಿ ಸಲ್ಲಿಸಬೇಕಾದ ತೆರೆಯನ್ನು ಅದು ಗೊತ್ತುಪಡಿಸುತ್ತದೆ. ಕಡಲಾಚೆಗೂ ತನ್ನ ಕಟ್ಟಳೆಯನ್ನು ಒಯ್ದ ಸಂಘವಿದು.

ಇದು ಒಂದು ಮತದವರ ಸಂಘವಾಗಿರಲಿಲ್ಲ. ಶೈವರೂ ವೈಷ್ಣವರೂ ಜೈನರೂ ಇದರಲ್ಲಿದ್ದರು. ವರ್ತಕರ ಔದಾರ್ಯವೂ ಒಂದು ಮತಕ್ಕೆ ಸೀಮಿತವಾಗಿರಲಿಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಅಲ್ಲಿಯೇ ಇನ್ನೊಂದು ವಿಹಾರವನ್ನು ಕಟ್ಟಿಸಿದುದನ್ನೂ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನ ತಿಳಿಸುತ್ತದೆ. ಬೌದ್ಧಧರ್ಮ ಕನ್ನಡ ನಾಡಿನಲ್ಲಿ ಕ್ಷೀಣಿಸುತ್ತಿದ್ದ ಕಾಲದಲ್ಲಿ ಅದಕ್ಕೆ ಆಸರೆಯಾದವರು ವರ್ತಕರು ಎಂಬುದು ಗಮನಾರ್ಹ.

ಬಸದಿಗಳಿಗೆ ಬಂದ ಆಯ

ಜೈನ ಬಸದಿಗಳಿಗೆ ಈ ವರ್ತಕರು ನೀಡಿದ ದತ್ತಿಗಳ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೇರದಾಳದಲ್ಲಿ ಮಾಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿದಾಗ (1122-23) ಅರಸರ ಭೂದಾನ ದೊರೆಯಿತು. ಐನೂರ್ವರ ಆಯವೂ ಅದಕ್ಕೆ ಸೇರಿತೆಂದು ಅಲ್ಲಿಯ ಶಾಸನ ಹೇಳುತ್ತದೆ. ಕೊಲ್ಲಾಪುರದಲ್ಲಿ ಶಿಲಾಹಾರ ಗಂಡರಾದಿತ್ಯನ ಸಾಮಂತ ನಿಂಬದೇವನು ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದನು. ಶಕ 1058ರ (ಕ್ರಿ.ಶ. 1135) ಕನ್ನಡ ಶಾಸನ ಅದಕ್ಕೆ ವೀರಬಣಂಜರು ಬಿಟ್ಟ ಆಯವನ್ನು ದಾಖಲಿಸುತ್ತದೆ. ಬೆಳಗಾವಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯಕ್ಕೆ 1204ರಲ್ಲಿ ಸ್ಥಳೀಯ ವರ್ತಕರೊಂದಿಗೆ ಲಾಳರೂ ಮಲೆಯಾಳರೂ, ಅಂದರೆ ಗುಜರಾತಿನ ಮತ್ತು ಕೇರಳದ ವ್ಯಾಪಾರಿಗಳೂ, ತಮ್ಮ ತಮ್ಮ ಸರಕಿನ ಮೇಲೆ ಆಯವನ್ನು ಬಿಟ್ಟುಕೊಟ್ಟರು. ಶ್ರವಣಬೆಳಗೊಳದಲ್ಲಿ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯೂ ನಯಕೀರ್ತಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯನೂ ಆದ ನಾಗದೇವನು 1195ರಲ್ಲಿ ಕಟ್ಟಿಸಿದ ಜಿನಾಲಯ, ನಖರದ ವರ್ತಕರ ರಕ್ಷಣೆಯಲ್ಲಿದ್ದುದರಿಂದ ನಗರ ಜಿನಾಲಯವೆಂದೇ ಹೆಸರಾಯಿತು.

ಈ ದತ್ತಿಗಳಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬಹುದು. ಒಂದು, ಇಲ್ಲಿ ದಾನ ವರ್ಷಾಂತ್ಯದ ಲಾಭದಿಂದ ಬಂದುದಲ್ಲ. ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ, ಅಂಗಡಿಗೆ ಇಷ್ಟು ಅಡಕೆ ಎಂಬಂತೆ ವಹಿವಾಟು ನಡೆದಾಗಲೆಲ್ಲ ಸಲ್ಲುವ ಆಯವದು. ವ್ಯಾಪಾರಿಗೆ ಆ ವರ್ಷ ಲಾಭವಾಯಿತೋ ನಷ್ಟವಾಯಿತೋ ಎಂಬುದು ಬಸದಿಯ ದೀಪಕ್ಕೆ ಸಂಬಂಧಿಸಿದ ವಿಷಯವಾಗಿರಲಿಲ್ಲ. ಎರಡು, ಅದು ಎಲ್ಲರೂ ನೆರೆದು ಒಡಂಬಟ್ಟ ನಿರ್ಣಯ. ಪರರ ಹಣವನ್ನು ಒಬ್ಬನು ದಾನ ಮಾಡುವನೆಂಬ ಫ್ರೀಡ್‌ಮನ್ನನ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಸರಕು ಯಾರದೋ ಸಮ್ಮತಿಯೂ ಅವರದೇ. ಮೂರು, ಅದು ಕಲ್ಲಿನ ಮೇಲೆ ಬರೆದ ಬಹಿರಂಗ ಪ್ರತಿಜ್ಞೆ. ತಪ್ಪಿದವನಿಗೆ ಶಾಪವಿದೆ, ಅದಕ್ಕಿಂತ ಹೆಚ್ಚಾಗಿ, ಸಂತೆಗೆ ಬಂದವರೆಲ್ಲ ನೋಡಬಹುದಾದ ಸಾಕ್ಷ್ಯವಿದೆ. ಹೀಗೆ ಬಂದ ಆದಾಯ ಅಷ್ಟವಿಧಾರ್ಚನೆಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಋಷಿಯರ ಆಹಾರದಾನಕ್ಕೆ ಸಲ್ಲುತ್ತಿತ್ತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಕೇಂದ್ರವಾಗಿದ್ದ ಬಸದಿ ಅಂದಿನ ಸಮಾಜಕ್ಕೆ ಪೂಜಾಸ್ಥಳಕ್ಕಿಂತ ಹೆಚ್ಚಿನದಾಗಿತ್ತೆಂಬುದನ್ನು ಮರೆಯಬಾರದು.

ಶಾಸನಗಳು ಹೇಳದ ಮಾತು

ಇಷ್ಟನ್ನೇ ನೋಡಿ, ನಮ್ಮ ಪೂರ್ವಜರು ಲಾಭ ಮತ್ತು ಲೋಕಹಿತಗಳ ಸಮಸ್ಯೆಯನ್ನು ಪರಿಹರಿಸಿದ್ದರೆಂದು ಘೋಷಿಸುವುದು ಸುಲಭ. ಆದರೆ ಸಂಶೋಧಕರು ಅಲ್ಲಿಗೆ ನಿಲ್ಲುವಂತಿಲ್ಲ. ಶಾಸನದ ಪ್ರಶಸ್ತಿಭಾಗ ಸಂಘವು ತನ್ನ ಬಗ್ಗೆ ತಾನೇ ಬರೆಯಿಸಿಕೊಂಡ ಸ್ತುತಿ. ಹೇರಿನ ಮೇಲೆ ವಿಧಿಸಿದ ಆಯದ ಭಾರ ಕೊನೆಗೆ ವರ್ತಕನ ಮೇಲೆ ಬಿತ್ತೋ ಕೊಳ್ಳುವವನ ಮೇಲೆ ಬಿತ್ತೋ ಎಂಬುದನ್ನು ಅದು ಹೇಳುವುದಿಲ್ಲ. ಸರಕನ್ನು ಬೆಳೆದ ಒಕ್ಕಲಿಗನಿಗೆ, ಹೊತ್ತ ಕೂಲಿಯವನಿಗೆ ಏನು ಸಂದಿತೆಂಬುದನ್ನೂ ಹೇಳುವುದಿಲ್ಲ. ಈ ಸಂಘಗಳಿಗೆ ಆಯುಧಪಾಣಿಗಳಾದ ಕಾವಲುಪಡೆಗಳಿದ್ದವು. ಕಳ್ಳಕಾಕರ ಭಯವಿದ್ದ ದಾರಿಗಳಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಆಯುಧವಿದ್ದವನೊಡನೆ ಚೌಕಾಸಿ ಮಾಡುವವನ ಸ್ಥಿತಿಯನ್ನೂ ನಾವು ಊಹಿಸಿಕೊಳ್ಳಬೇಕು. ಒಟ್ಟಿನಲ್ಲಿ, ಕೊಟ್ಟುದರ ಬಗ್ಗೆ ಶಾಸನಗಳು ಧಾರಾಳವಾಗಿ ಮಾತನಾಡುತ್ತವೆ, ಗಳಿಸಿದುದರ ಬಗ್ಗೆ ಮೌನ ವಹಿಸುತ್ತವೆ.

ಈ ಮೌನವನ್ನು ಅಂದಿನ ಎಲ್ಲರೂ ಒಪ್ಪಿಕೊಂಡಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ 959ರಲ್ಲಿ ಯಶಸ್ತಿಲಕಚಂಪುವನ್ನು ಮುಗಿಸಿದ ಸೋಮದೇವಸೂರಿಯು ತನ್ನ ನೀತಿವಾಕ್ಯಾಮೃತದಲ್ಲಿ ವರ್ತಕರ ಬಗ್ಗೆ ಬಹಳ ಕಟುವಾಗಿ ಮಾತನಾಡುತ್ತಾನೆ. ನೋಡನೋಡುತ್ತಿರುವಂತೆಯೇ ಸುಲಿಯುವವರಲ್ಲಿ ಅವರನ್ನು ಮೀರಿದವರಿಲ್ಲವೆಂಬುದು ಅವನ ಅಭಿಪ್ರಾಯ. ಜೈನಧರ್ಮಕ್ಕೆ ವರ್ತಕರ ಆಶ್ರಯ ಎಷ್ಟು ಮುಖ್ಯವಾಗಿತ್ತೆಂಬುದನ್ನು ಅರಿತಿದ್ದ ಜೈನ ಮುನಿಯೊಬ್ಬನು ಈ ಮಾತನ್ನು ಹೇಳಿದನೆಂಬುದರಲ್ಲಿ ಅದರ ತೂಕವಿದೆ. ದಾನವನ್ನು ಸ್ವೀಕರಿಸುವ ಕೈ ದಾನಿಯನ್ನು ಪ್ರಶ್ನಿಸುವ ಬಾಯಿಯನ್ನು ಮುಚ್ಚಿರಲಿಲ್ಲ.

ಶ್ರಾವಕಾಚಾರದ ತಕ್ಕಡಿ

ಗಳಿಕೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಶ್ರಾವಕಾಚಾರದ ಆಚಾರ್ಯರು. ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ: ಕಳವಿಗೆ ಪ್ರೇರಣೆ, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯವಹಾರ, ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಕೊನೆಯ ಎರಡು, ಕೊಡುವಾಗ ಕಡಿಮೆ ಕೊಳ್ಳುವಾಗ ಹೆಚ್ಚು ಅಳೆಯುವ ಕೊಳಗ ಮತ್ತು ಅಸಲಿನ ಹೆಸರಿನಲ್ಲಿ ಮಾರುವ ನಕಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಲಬೆರಕೆಯನ್ನು ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ನೋಟಕ್ಕೆ ಒಂದೇ ತೆರನಾದುದನ್ನು ಬೆರಸುವುದು ಎಂದರ್ಥ. ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಈ ಕ್ರಿಯೆಗಳನ್ನು ಆಚಾರ್ಯರು ವ್ಯಾಪಾರದ ಜಾಣ್ಮೆಯೆಂದು ಬಿಡದೆ ಕಳವಿನ ಲೆಕ್ಕಕ್ಕೇ ಸೇರಿಸಿದ್ದಾರೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಸಮಂತಭದ್ರರು ಪರಿಗ್ರಹಪರಿಮಾಣ ವ್ರತಕ್ಕೆ ಹೇಳುವ ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಎತ್ತುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು, ಬೆಲೆಯೇರಲೆಂದು ಸರಕನ್ನು ಕೂಡಿಡುವುದು, ಪರರ ಲಾಭವನ್ನು ಕಂಡು ಮನಸ್ಸು ಕಲಕುವುದು, ಬಂದ ಲಾಭ ಸಾಲದೆನ್ನುವುದು, ಅಳತೆ ಮೀರಿ ಹೊರೆ ಹೇರುವುದು. ಇದು ಹೇರಿನೆತ್ತುಗಳ ಸಾಲನ್ನು ಕಣ್ಣಾರೆ ಕಂಡವರ ಪಟ್ಟಿ. ತತ್ತ್ವಾರ್ಥಸೂತ್ರದಲ್ಲಿಯೂ ಅತಿಭಾರಾರೋಪಣವಿದೆ, ಆದರೆ ಅಲ್ಲಿ ಅದು ಅಹಿಂಸಾಣುವ್ರತದ ಅತಿಚಾರ. ಒಂದೇ ಕ್ರಿಯೆಯನ್ನು ಒಬ್ಬ ಆಚಾರ್ಯರು ಹಿಂಸೆಯೆಂದರು, ಮತ್ತೊಬ್ಬರು ಪರಿಗ್ರಹವೆಂದರು. ಎತ್ತಿನ ಬೆನ್ನಿನ ಮೇಲೆ ಕ್ರೌರ್ಯವಾಗಿ ಕಾಣುವುದೇ ವರ್ತಕನ ಮನಸ್ಸಿನಲ್ಲಿ ಲೋಭವಾಗಿರುತ್ತದೆ ಎಂಬ ತಿಳಿವು ಈ ಎರಡು ವರ್ಗೀಕರಣಗಳನ್ನು ಒಟ್ಟಿಗಿಟ್ಟಾಗ ಮೂಡುತ್ತದೆ.

ಈಗ ಶಾಸನವನ್ನೂ ಶ್ರಾವಕಾಚಾರವನ್ನೂ ಎದುರುಬದುರಾಗಿ ಇಡೋಣ. ಹೇರಿಗೆ ಎಷ್ಟು ಆಯ ಸಂದಿತೆಂದು ಶಾಸನ ಲೆಕ್ಕವಿಡುತ್ತದೆ. ಆ ಹೇರು ಎಷ್ಟು ಭಾರವಾಗಿತ್ತೆಂದು ಶ್ರಾವಕಾಚಾರ ಕೇಳುತ್ತದೆ. ಮೊದಲನೆಯ ಲೆಕ್ಕದಲ್ಲಿ ಹೊರೆ ಹೆಚ್ಚಿದಷ್ಟೂ ಧರ್ಮ ಹೆಚ್ಚಿದಂತೆ ತೋರಬಹುದು. ಎರಡನೆಯ ಲೆಕ್ಕದಲ್ಲಿ ಅದೇ ಹೊರೆ ವ್ರತಭಂಗದ ಅಂಚಿಗೆ ಒಯ್ಯುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಎಣಿಸುವಾಗ ನ್ಯಾಯೋಪಾತ್ತಧನವನ್ನು, ಅಂದರೆ ನ್ಯಾಯದಿಂದ ಗಳಿಸಿದ ಧನವುಳ್ಳವನಾಗಿರುವುದನ್ನು, ಮೊದಲಿಗಿಟ್ಟಿದ್ದಾನೆ. ಅವನಿಗಿಂತ ಹಿಂದೆಯೇ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಗೃಹಸ್ಥನ ಮೂವತ್ತೈದು ಗುಣಗಳಲ್ಲಿ ನ್ಯಾಯಸಂಪನ್ನವಿಭವವನ್ನೇ ಮೊದಲು ಹೇಳಿತ್ತು. ಈ ಕ್ರಮ ಆಕಸ್ಮಿಕವಲ್ಲ. ಗಳಿಕೆ ಶುದ್ಧವಾಗದೆ ದಾನ ಶುದ್ಧವಾಗದು.

ನಮ್ಮ ಗದ್ಯಸಾಹಿತ್ಯದಲ್ಲಿಯೂ ಈ ಎಚ್ಚರ ಮನೆಮಾಡಿದೆ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಅರಸನೇ ಕೊಳ್ಳಲಾಗದ ರತ್ನಕಂಬಳಿಯನ್ನು ಸೆಟ್ಟಿಯ ಮಡದಿ ಯಶೋಭದ್ರೆ ಕೊಂಡು, ತುಂಡರಿಸಿ, ಸೊಸೆಯರಿಗೆ ಪಾದರಕ್ಷೆ ಮಾಡಿಸುತ್ತಾಳೆ. ರಾಜಭಂಡಾರವನ್ನು ಮೀರಿಸಿದ ವರ್ತಕಸಂಪತ್ತು ಕಾಲ ಕೆಳಗೆ ಸವೆಯುವ ಚಿತ್ರವಿದು. ಆ ಸಂಪತ್ತಿನ ನಡುವೆ ಬೆಳೆದ ಸುಕುಮಾರ ಕೊನೆಗೆ ಎಲ್ಲವನ್ನೂ ತೊರೆದು ನಡೆಯುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಶುದ್ಧಿಯನ್ನು ದಾಸೋಹಕ್ಕೆ ಪೂರ್ವಾಂಗವಾಗಿಸಿದುದೂ ಇದೇ ನೆಲದಲ್ಲಿ. ಮಾರಯ್ಯನು ಅಗತ್ಯ ಮೀರಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದುದೇ. ದರ್ಶನಗಳು ಬೇರೆ, ಆದರೆ ದಾನಕ್ಕೆ ಮುನ್ನ ಗಳಿಕೆಯನ್ನು ವಿಚಾರಿಸುವ ದೃಷ್ಟಿ ಒಂದೇ.

ಇಂದಿನ ಕಾನೂನಿನ ಎರಡು ಕಲಮುಗಳು

ಭಾರತದ 2013ರ ಕಂಪನಿ ಕಾಯಿದೆಯ 135ನೆಯ ಕಲಮು ಸಾಂಸ್ಥಿಕ ಸಾಮಾಜಿಕ ಹೊಣೆಯನ್ನು ಕಡ್ಡಾಯಗೊಳಿಸಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಗಳಿಗೆ ವ್ಯಯಿಸಬೇಕು. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ನಿಯಮದಿಂದ ಶಾಲೆ, ಆಸ್ಪತ್ರೆ, ನೀರಿನ ಯೋಜನೆಗಳಿಗೆ ಹಣ ಹರಿದಿರುವುದು ಸ್ವಾಗತಾರ್ಹವೇ. ಆದರೆ ಇದರ ರಚನೆಯನ್ನು ಗಮನಿಸಬೇಕು. ಕಂಪನಿ ತನ್ನ ಸಾಮಾನ್ಯ ವ್ಯವಹಾರದ ಅಂಗವಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವಂತಿಲ್ಲ. ದಾನವನ್ನು ವ್ಯವಹಾರವೆಂದು ತೋರಿಸಿ ನುಣುಚಿಕೊಳ್ಳಬಾರದೆಂಬುದು ಅದರ ಸದುದ್ದೇಶ. ಅದರ ಪರಿಣಾಮವಾಗಿ ಲೋಕಹಿತ ವ್ಯವಹಾರದ ಹೊರಗೆ, ಲಾಭ ಬಂದ ಮೇಲೆ ಆರಂಭವಾಗುವ ಸಂಗತಿಯೆಂಬ ಭಾವನೆ ಬೇರೂರುತ್ತದೆ. ನದಿಗೆ ಕಲ್ಮಷ ಬಿಡುವ ಕಾರ್ಖಾನೆ ಅದೇ ನದಿಯ ದಡದಲ್ಲಿ ಗಿಡ ನೆಟ್ಟರೆ ಈ ಕಲಮಿನ ಮಟ್ಟಿಗೆ ಅದು ಹೊಣೆಯನ್ನು ನಿರ್ವಹಿಸಿದಂತೆಯೇ. ಕಲ್ಮಷದ ವಿಚಾರ ಬೇರೆ ಕಾನೂನಿಗೆ, ಬೇರೆ ಕಚೇರಿಗೆ ಸೇರಿದ್ದು.

ಅದೇ ಕಾಯಿದೆಯ 166ನೆಯ ಕಲಮು ಇಷ್ಟು ಪ್ರಸಿದ್ಧವಲ್ಲ. ನಿರ್ದೇಶಕನಾದವನು ಸದಸ್ಯರ ಹಿತದ ಜೊತೆಗೆ ನೌಕರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಗಮನದಲ್ಲಿಟ್ಟು ಪ್ರಾಮಾಣಿಕವಾಗಿ ನಡೆಯಬೇಕೆಂದು ಅದು ಅವನ ಕರ್ತವ್ಯವನ್ನು ನಿರೂಪಿಸುತ್ತದೆ. ಇದರಲ್ಲಿ ಶೇಕಡಾವಾರು ಲೆಕ್ಕವಿಲ್ಲ, ಫಲಕ ನೆಡುವ ಅವಕಾಶವಿಲ್ಲ, ಉದ್ಘಾಟನೆಯ ಸಮಾರಂಭವಿಲ್ಲ. ಗಳಿಸುವ ಕ್ರಮದಲ್ಲಿಯೇ ಹೊಣೆಯನ್ನು ಇರಿಸುವ ಮಾತಿದು. 135ನೆಯ ಕಲಮು ಶಾಸನೋಕ್ತ ದತ್ತಿಯ ದೂರದ ಬಂಧುವಾದರೆ, 166ನೆಯದು ನ್ಯಾಯೋಪಾತ್ತಧನದ ಬಂಧು. ಮೊದಲನೆಯದನ್ನು ಅಳೆಯುವುದು ಸುಲಭವಾದುದರಿಂದ ವಾರ್ಷಿಕ ವರದಿಗಳು ಅದರ ಚಿತ್ರಗಳಿಂದ ತುಂಬಿರುತ್ತವೆ. ಎರಡನೆಯದನ್ನು ಅಳೆಯಲು ಕೂಲಿಯ ಪಟ್ಟಿ, ತೂಕದ ಕಲ್ಲು, ಚರಂಡಿಯ ನೀರು ಇವುಗಳನ್ನು ನೋಡಬೇಕಾಗುತ್ತದೆ.

ಫ್ರೀಡ್‌ಮನ್ನನ ಪಕ್ಷಕ್ಕೂ ಅವನ ವಿರೋಧಿಗಳಿಗೂ ಸಾಮಾನ್ಯವಾದ ಒಂದು ಊಹೆ ಇಲ್ಲಿ ಬಯಲಾಗುತ್ತದೆ. ಲಾಭ ಮೊದಲು ಹುಟ್ಟುತ್ತದೆ, ಅದನ್ನು ಹಂಚುವ ಪ್ರಶ್ನೆ ಅನಂತರ ಏಳುತ್ತದೆ ಎಂದು ಇಬ್ಬರೂ ಭಾವಿಸುತ್ತಾರೆ. ಒಬ್ಬರು ಹಂಚಬಾರದೆನ್ನುತ್ತಾರೆ, ಇನ್ನೊಬ್ಬರು ಹಂಚಬೇಕೆನ್ನುತ್ತಾರೆ. ಫ್ರೀಡ್‌ಮನ್ನನೂ ನಿಯಮಗಳೊಳಗಿನ ಸ್ಪರ್ಧೆಯನ್ನೇ ಒಪ್ಪಿದನು, ಮೋಸವನ್ನಲ್ಲ. ಆದರೆ ಆ ನಿಯಮಗಳನ್ನು ಹೊರಗಿನ ಬೇಲಿಯೆಂದು ಅವನು ಎಣಿಸಿದನು; ವ್ಯವಹಾರದ ಒಳಗಿನ ವ್ರತವೆಂದು ಎಣಿಸಲಿಲ್ಲ. ಶ್ರಾವಕಾಚಾರದ ದೃಷ್ಟಿಯಲ್ಲಿ ಕೊಳಗದ ಅಳತೆ, ಎತ್ತಿನ ಹೊರೆ, ಕಣಜದ ಸಂಗ್ರಹ ಇವೆಲ್ಲ ಲಾಭಕ್ಕೆ ಮುಂಚಿನ ಪ್ರಶ್ನೆಗಳು. ಅವುಗಳಿಗೆ ಸಲ್ಲುವ ಉತ್ತರ ದೊರೆತ ಮೇಲೆ ಉಳಿದ ಧನವಷ್ಟೇ ಲಾಭವೆನಿಸಿಕೊಳ್ಳಲು ಅರ್ಹ. ಆ ಧನದಿಂದ ಮಾಡಿದುದಷ್ಟೇ ದಾನ.

ಆದುದರಿಂದ ವರ್ತಕಸಂಘಗಳ ಶಾಸನಗಳನ್ನು ಅಧ್ಯಯನ ಮಾಡುವ ತರುಣ ಸಂಶೋಧಕರು ದತ್ತಿಯ ಪಟ್ಟಿಯನ್ನು ತಯಾರಿಸುವಲ್ಲಿಗೆ ತೃಪ್ತರಾಗದಿರಲಿ. ಸುಂಕ, ಬಡ್ಡಿ, ಅಳತೆಯ ಮಾನ, ಸಾಗಣೆಯ ಕ್ರಮ ಇವುಗಳ ಬಗ್ಗೆ ಅದೇ ಕಾಲದ ಶ್ರಾವಕಾಚಾರಗಳೂ ನೀತಿಗ್ರಂಥಗಳೂ ಕಥಾಸಾಹಿತ್ಯವೂ ಹೇಳುವುದನ್ನು ಶಾಸನದ ಪಕ್ಕದಲ್ಲಿಟ್ಟು ಓದಲಿ. ಐನೂರ್ವರು ಕಟ್ಟಿದ ಬಸದಿ, ವಿಹಾರ, ದೇಗುಲಗಳು ನಿಜವಾದ ಲೋಕಹಿತವೇ. ಎಲ್ಲರ ಸಮ್ಮತಿಯಿಂದ, ಎಲ್ಲರ ಕಣ್ಣೆದುರು, ಪ್ರತಿ ವಹಿವಾಟಿನಲ್ಲಿಯೂ ಧರ್ಮಕ್ಕೆ ಪಾಲಿಡುವ ಅವರ ಪದ್ಧತಿಯಿಂದ ಇಂದಿನ ಸಂಸ್ಥೆಗಳು ಕಲಿಯಬೇಕಾದುದು ಬಹಳವಿದೆ. ಆದರೆ ಆ ಪದ್ಧತಿಯನ್ನು ಒರೆಗೆ ಹಚ್ಚಿ ನೋಡುವ ಕಲ್ಲು ಸಂತೆಯ ಶಾಸನದಲ್ಲಿಲ್ಲ. ಅದು ಅದೇ ನಾಡಿನ ಆಚಾರ್ಯರ ಗ್ರಂಥಗಳಲ್ಲಿದೆ. ಹೇರಿನ ಆಯವನ್ನು ಎಣಿಸುವ ಮೊದಲು ಎತ್ತಿನ ಬೆನ್ನನ್ನು ನೋಡಬೇಕೆಂಬುದು ಅದರ ಉಪದೇಶ.